ಮಾವನ ಹೆಸರಿನ ರೂಟರ್

ಅಯ್ಯೋ, ಬಿದ್ದಿರೋದು ನೀವಲ್ಲ ಮಾವ, ನೀವಲ್ಲ ಆತಾ! ನೀವು ಗುಂಡುಕಲ್ಲಿನ ಹಾಗಿದ್ದೀರಿ. ಬಿದ್ದಿರೋದು ನಿಮ್ಮ ಹೆಸರಿನ ರೂಟರ್... ಕೂತ್ಕೊಳ್ಳಿ. ಟೋಪಿ ತಲೆ ಮೇಲೇ ಇರ್ಲಿ, ಯಂತ್ರಗಳ ಕೋಣೆ, ಥಂಡಿ ಜಾಸ್ತಿ.

ಮೇಜಿನ ಕೆಳಗೆ ಯಾಕೆ ಹುಡುಕ್ತೀರಿ? ಅದು ಕಣ್ಣಿಗೆ ಕಾಣಲ್ಲ. ಡಬ್ಬಿ ಇಲ್ಲ, ದೀಪ ಇಲ್ಲ. ಈ ಯಂತ್ರಗಳು ಮನಸ್ಸಲ್ಲೇ ಕಟ್ಕೊಂಡಿರೋ ಬಾಗಿಲು ಅನ್ಕೊಳ್ಳಿ. ನಮ್ಮ ಕುರಿ ಮಾರೋ ಸೈಟು ಆ ಬಾಗಿಲಿಂದಲೇ ಇಂಟರ್ನೆಟ್ಟಿಗೆ ಹೋಗ್ಬೇಕು... ನಗ್ಬೇಡಿ ಆತಾ! ತಮ್ಮ ಕುರಿ ನಮ್ಮ ಸೈಟಲ್ಲಿ ಮಾರೋಕೆ ಬಂದಿರೋ ಬಿಷ್ಕೆಕ್‌ನೋರು ಆಚೆ ಕೂತು ಔತಣದ ಕುರಿತಲೆಗೆ ಕೈ ಹಾಕಿದಾರೆ. ಅದು ಮುಗೀತು ಅಂದ್ರೆ 'ಎಲ್ಲಿ, ಸೈಟು ತೋರ್ಸಿ' ಅಂತಾರೆ. ತೋರಿಸದಿದ್ರೆ? ಅವರ ಮಂದೆ ನಮ್ಮ ಪೈಪೋಟಿಯ ಓಶ್‌ನೋರ ಪಾಲು, ನನ್ನ ಕೆಲಸ ಮೈದುನನ ಪಾಲು, ನಾನು ಚಹಾ ಕಾಯಿಸೋ ಸಮೋವರ್ ಪಾಲು. ನೀವೇ ತಾನೆ ಈಗ ಬಾಗಿಲಲ್ಲಿ ನಿಂತು ಹೇಳಿದ್ದು?

ಅರವತ್ತು ತುಂಬಿದೋರಿಗೆ ಜನ ಕುದುರೆ ಕೊಡ್ತಾರೆ. ನಿಮ್ಮ ಕಿರಿಮಗ, ಅದೇ ನನ್ನ ಮೈದುನ, ಬಿಷ್ಕೆಕ್‌ನಲ್ಲಿ ಕೂತು ರೂಟರಿಗೆ ನಿಮ್ಮ ಹೆಸರಿಟ್ಟ! ನೀವು ಖುಷಿಗೆ ಕಣ್ಣೊರೆಸ್ಕೊಂಡ್ರಿ. ನನ್ನ ಗತಿ ಏನು ಅಂತ ಒಬ್ರಾದ್ರೂ ಕೇಳಿದ್ರಾ? ಸೊಸೆ ಮಾವನ ಹೆಸರು ಹೇಳೋ ಹಾಗಿಲ್ಲ, ಬರೆಯೋ ಹಾಗೂ ಇಲ್ಲ. ರಿಪೇರಿ ಮಾತ್ರ ಸೊಸೇನೇ ಮಾಡ್ಬೇಕು! ಏನು ಮಾಡೋಕೆ ಹೋದ್ರೂ 'ಹೆಸರು ಬರಿ' ಅನ್ನುತ್ತೆ. ಅವತ್ತಿಂದ ಅದನ್ನ ಮುಟ್ಟೇ ಇಲ್ಲ ನಾನು.

ಎಲ್ಲಾ ನೋಡಿದೆ ಆತಾ. ಒಳಗಿನ ಯಂತ್ರಗಳು ಒಂದಕ್ಕೊಂದು ಮಾತಾಡ್ತಿವೆ. ಹೊರಗಿನ ತಂತಿ ಚೆನ್ನಾಗಿದೆ. ನಡುವೆ ನೀವಿಲ್ಲ. ಎಷ್ಟು ಕೂಗಿದ್ರೂ 'ಓ' ಅನ್ನಲ್ಲ. ನೀವು ಸತ್ತು... ಥೂ, ತೋಬಾ, ತೋಬಾ! ರೂಟರ್. ರೂಟರನ್ನ ಯಾರೋ ಅಳಿಸಿದಾರೆ. ಹೊಸದೊಂದು ಮಾಡಿ 'ಬಿಳಿಗಡ್ಡ' ಅಂತ ಹೆಸರಿಟ್ಟೆ. ಒಳಗೆಲ್ಲ ಓಡಾಡುತ್ತೆ, ಹೊಸ್ತಿಲು ದಾಟಲ್ಲ. ಹೊರಗಿನ ವಿಳಾಸ ನಿಮ್ಮ ಹೆಸರಿಗೇ ಕೊಟ್ಟಿದ್ದಂತೆ, ಬಿಳಿಗಡ್ಡ ಯಾರು ಅಂತ ಇಂಟರ್ನೆಟ್ ಕಂಪನಿಯೋರು ಕೇಳ್ತಾರೆ!

ಯಾರು ಅಳಿಸಿದ್ರೋ, ನಂಗೇನು ಗೊತ್ತು?... ನಾನಾ! ಅಳಿಸೋಕೂ ಪೂರ್ತಿ ಹೆಸರು ಬರೀಬೇಕು ಆತಾ. ನಿಮ್ಮ ಸೊಸೆ ಈ ಜಿಪಾರ್ ಬರೀತಾಳಾ? ಅತ್ತೇನ ಕೇಳಿ, ಬೀದೀಲಿ ಹೋಗೋರನ್ನ ಕೇಳಿ. ಮೈದುನನೇ ಅಲ್ಲಿಂದ ಏನೋ ಒತ್ತಿರ್ಬೇಕು.

ಈಗ ಅದೇ ಹೆಸರಲ್ಲಿ ಮತ್ತೆ ಮಾಡ್ಬೇಕು. ನೀವೇ ಬರೀರಿ, ಇಲ್ಲಿ, ಈ ಖಾಲಿ ಜಾಗದಲ್ಲಿ. ನಾನು ಆ ಕಡೆ ತಿರುಗಿ ನಿಂತಿರ್ತೀನಿ. ಒಂದೊಂದೇ ಅಕ್ಷರ, ಅವಸರ ಬೇಡ... ಏನು, ಆಯ್ತಾ? ಒಂದಕ್ಷರ ಒತ್ತಿದ್ದಕ್ಕೇ? ಉಳಿದಿದ್ದು ತಾನೇ ಬಂತಾ? ಹೆದರ್ಬೇಡಿ ಆತಾ, ದೆವ್ವ ಗಿವ್ವ ಏನಿಲ್ಲ. ಹಿಂದೆ ಒಮ್ಮೆ ಬರೆದಿದ್ರೆ ಕಂಪ್ಯೂಟರ್ ಅದನ್ನ ನೆನಪಿಟ್ಕೊಂಡು, ಮೊದಲಕ್ಷರ ನೋಡಿದ ಕೂಡ್ಲೇ ತಾನೇ...

ತಾನೇ...

ಒತ್ತಿ ಆತಾ, ಆ ದೊಡ್ಡ ಗುಂಡಿ. ಅವರ ಊಟ ಮುಗಿದು ಚಹಾಕ್ಕೆ ಬಂದ್ರು... ಯಾಕೆ ಹಾಗೆ ನೋಡ್ತೀರಿ? ಹೌದು, ಕಂಪ್ಯೂಟರ್ ನಂದೇ. ಇಲ್ಲ, ಬೇರೆ ಯಾರೂ ಮುಟ್ಟಲ್ಲ... ಬೈಯಿರಿ ಆತಾ, ಬೈಯಿರಿ!

ರೂಟರನ್ನ ಕೂಗಿ ಕರೆಯೋಕೆ ನಾನು ಹೇಳಬಹುದಾದ ಒಂದು ಹೆಸರು ಬೇಕಿತ್ತು ನಂಗೆ. ಅಷ್ಟೇ. ಬಾಯಲ್ಲಿ ಹೇಳ್ಲಿಲ್ಲ, ರೊಟ್ಟಿ ಮುಟ್ಟಿ ಆಣೆ ಮಾಡ್ತೀನಿ. ಬೆರಳಲ್ಲಿ ಬರೆದೆ. ಒಂದೇ ಒಂದು ಸಲ ಆತಾ... ಅದೂ ಅಳಿಸೋಕೆ.