ಗಿಡ ಇಲ್ಲದ ದಾರಿ

ಕೀಲಿಕೈ ಸುದ್ದಿ ಆಮ್ಯಾಲ ಹೇಳ್ತೀನ್ರೀ ಡಾಕ್ಟರ್ ಬಾಯಾರ. ಕೀಲಿಕೈ ಎಲ್ಲಿಗೆ ಓಡಿ ಹೋಗ್ತೈತಿ? ಮೊದಲ ನಾ ಹೇಳೂದು ಕೇಳ್ರಿ. ನನ್ನ ಮೊಮ್ಮಗನ್ನ ಧಾರವಾಡಕ್ಕ ಕಳಸಬ್ಯಾಡ್ರಿ. ಆಸ್ಪತ್ರಿಯೊಳಗ ತಿಂಗಳಗಟ್ಟಲೆ ಇಟ್ಕೊಂಡು ಚಟ ಬಿಡಸ್ತಾರಂತ... ಕುಡುಕರ ಬಾಜೂಕ ಒಂಬತ್ತನೇ ಇಯತ್ತೆ ಹುಡುಗನ್ನ ಮಲಗಸ್ತಾರೇನ್ರೀ ಯಾರರ? ಬ್ಯಾರೆ ಕೋಲಿ? ಇರಲಿ ಬಿಡ್ರಿ, ಕೋಲಿ ಬ್ಯಾರೆ ಇದ್ರೂ ಒಳಗ ಹೋಗೂ ಬಾಗಲಾ ಒಂದ ಅಲ್ಲೇನು! ಆ ಚೀಟಿ ಬರಿಯೂದು ನಿಲ್ಲಸ್ರಿ. ಪೆನ್ನು ಕೆಳಗ ಇಡ್ರಿ... ಹಾಂ, ಹಂಗ.

ಇಲ್ಲಿ ಎಲಿ ಹಾಕ್ಕೊಂಡ್ರ ನಡೀತೈತಲ್ರೀ? ಉಗಳೂದಿಲ್ಲ, ಅಂಜಬ್ಯಾಡ್ರಿ. ಎಲಿ, ಅಡಿಕಿ, ಸುಣ್ಣ ಬಾಯಿಗೆ ಬೀಳದ ನನಗ ಮಾತು ಹೊರಡೂದಿಲ್ಲ. ಈ ಹಲಗಿ ಸ್ವಲ್ಪ ಅತ್ಲಾಗ ಸರಸ್ರಿ, ಎಲಿ ಚಂಚಿ ಬಿಚ್ಚಾಕ ಜಾಗ ಬೇಕು. ಕೀಬೋರ್ಡ್ ಅಂತ ಗೊತ್ತೈತ್ರೀ ನನಗ, ಹೆಸರು ಹೇಳಿಕೊಡಬ್ಯಾಡ್ರಿ. ನೋಡ್ರಿ, ನನ್ನ ಮಗ ಶಿವಪುತ್ರ ಎಂಥಾವ! ಪಂಪ್‌ಸೆಟ್ ಮಾರಾವ, ರಿಪೇರಿಗೆ ಬಂದ ಮೋಟರ್ ಇಟ್ಟಂಗ ಇದನ್ನ ತಂದು ನಿಮ್ಮ ಟೇಬಲ್ ಮ್ಯಾಲ ಧಡ್ ಅಂತ ಇಟ್ಟಾನ. "ನೀವ ಇಟ್ಕೊಳ್ರಿ ಮೇಡಂ, ಈ ಪೀಡಾ ನಮ್ಮನ್ಯಾಗ ಬ್ಯಾಡ" ಅಂತ. ಈಗ ಹೊರಗ ಬೆಂಚಿನ ಮ್ಯಾಲ ಶಿವಪುತ್ರಪ್ಪ ಸಾಹುಕಾರರು ಮಾರಿ ಊದಿಸ್ಕೊಂಡು ಕುಂತಾರ. ಬಾಜೂಕ ನನ್ನ ಶಶಾಂಕ, ತಲಿ ಎತ್ತವಲ್ಲ.

ಚೀಟಿ ಮ್ಯಾಲ ಹುಡುಗನ ಹೆಸರು, ಅಪ್ಪನ ಹೆಸರು ಎಲ್ಲಾ ಬರಕೊಂಡ್ರಿ. ಅಜ್ಜಿ ಪಾರ್ವತವ್ವನ್ನ ಯಾರರ ಕೇಳಿದ್ರ? ಅವನ್ನ ಎತ್ತಿ ಆಡಿಸಿದಾಕಿ ನಾನು. ಅವನ ಅವ್ವ ದಾಕ್ಷಾಯಿಣಿ ಮುಂಜಾನೆ ಬಸ್ ಹಿಡಿದು ದಾಸನಕೊಪ್ಪದ ಸಾಲಿಗೆ ಕಲಸಾಕ ಹೋದ್ರ ಬರೂದು ಸಂಜಿಗೆ. ಅಪ್ಪ ಅಂಗಡಿಗೆ ಹೋದ್ರ ಬರೂದು ದೀಪ ಹಚ್ಚಿದ ಮ್ಯಾಲ. ಮನ್ಯಾಗ ಇರಾಕಿ ಯಾರು? ನಾನು! ಮತ್ತ ನನ್ನ ಕೇಳದ ಚೀಟಿ ಹೆಂಗ ಬರೀತೀರಿ?

...ಕೀಲಿಕೈನಾ? ಬಂದ್ರಿ ಮತ್ತ ಅಲ್ಲಿಗೇ. ಹೇಳ್ತೀನಿ ಅಂದ್ನೆಲ್ಲ!

ಆಟದ ಚಟ, ಆಟದ ಚಟ ಅಂತೀರಿ. ಹುಚ್ಚು ಹತ್ತಿತ್ತು, ನಾ ಇಲ್ಲಂತೀನೇನು? ಟ್ಯೂಶನ್ ಅಂತ ಹೇಳಿ ಹೋಗಿ ಬಸ್‌ಸ್ಟ್ಯಾಂಡ್ ಹಿಂದಿನ ಸೈಬರ್‌ನ್ಯಾಗ ಕುಂಡ್ರತಿದ್ದ. ಗೊತ್ತಾದ ದಿನ ಅವನಪ್ಪ ಮೊದಲನೇ ಔಷಧ ಕೊಟ್ಟ, ಬೆಲ್ಟಿನಿಂದ. ನಾಟಲಿಲ್ಲ. ಅವ್ವ ತಾಯತ ಕಟ್ಟಿಸಿದಳು. ತಾಯತ ಕಟ್ಟಿದ ಕೈಯಿಂದನ ಆಡಿದ! ...ನಗ್ರಿ, ನಗ್ರಿ. ಆಮ್ಯಾಲ ಯಲ್ಲಾಪುರಕ್ಕ ಸೋದರಮಾವನ ಮನಿಗೆ ಬಿಟ್ರು, ಹವಾ ಬದಲಾದ್ರ ಬುದ್ಧಿ ಬದಲಾಗ್ತೈತಿ ಅಂತ. ರಜಾ ಮುಗಿಯೂದ್ರೊಳಗ ಯಲ್ಲಾಪುರದ ಸೈಬರ್‌ನವ ಇವನ್ನ ಹೆಸರು ಹಿಡಿದು ಕರಿಯಾಕ ಹತ್ತಿದ್ದ. ಕಡೀಕ ಮನೀಗೇ ಒಂದು ಕಂಪ್ಯೂಟರ್ ತಂದ್ರು, ಹುಡುಗ ಕಣ್ಣ ಮುಂದ ಇರ್ಲಿ ಅಂತ. ಹೊರಗಿದ್ದ ಕಳ್ಳನ್ನ ಒಳಗ ಕರದು ಚಾ ಕೊಟ್ಟಂಗಾತು.

ಒಂದಿನ ದಾಕ್ಷಾಯಿಣಿ ವೈರ್ ಕಿತ್ತಳು ಅಂತ ಅವ್ವನ್ನ ಹಿಡಿದು ದೂಡಿದ ನೋಡ್ರಿ... ಆಕಿ ಗ್ವಾಡಿಗೆ ಬಡಿದು ಅಲ್ಲೇ ಕುಸದು ಕುಂತಳು. ಅವತ್ತ ನಾನೂ ಅಂಜಿದೆ. ಅವನ ಕಣ್ಣಾಗ ನಮ್ಮ ಹುಡುಗ ಇರಲಿಲ್ಲ. ಸುಳ್ಳ್ಯಾಕ ಹೇಳ್ಲಿ.

ಅದಕ್ಕ ನಿಮ್ಮ ಕಡೆ ಬಂದ್ವಿ. ನೀವು ಬೈಲಿಲ್ಲ, ಗುಳಿಗಿ ಕೊಡಲಿಲ್ಲ. ಕೀಬೋರ್ಡ್ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ರಿ, ಕೀಲಿಕೈ ಹಿರಿಯರ ಕಡೆ ಇರಲಿ, ಸಂಜೀಕ ಒಂದು ತಾಸು ಬಾಜೂಕ ಕುಂತು ಆಡಸ್ರಿ, ಉಳಿದ ಹೊತ್ತು ಬಯಲಿಗೆ ಕಳಸ್ರಿ ಅಂದ್ರಿ. ಕೀಲಿಕೈ ನನ್ನ ಚಂಚಿಗೆ ಬಂತು. ನಾ ಮನಸಿನ್ಯಾಗ ನಕ್ಕಿದ್ದೆ, ಇದೂ ಒಂದು ವೈದ್ಯಕಿ ಏನು ಅಂತ! ಆದ್ರ ಹುಡುಗ ಚಿಗತ, ಬಾಯಾರ. ಓಣ್ಯಾಗಿನ ಹುಡುಗೂರ ಕೂಡ ಶಟಲ್ ಆಡಿ ಬೆವತು ಬರ್ತಾನ, ಬಂದಾವನ "ಅಜ್ಜಿ, ರೊಟ್ಟಿ" ಅಂತಾನ. ಮೊದಲ ತಾಟು ಮೂಗಿನ ಮುಂದ ಇಟ್ರೂ ನೋಡ್ತಿರಲಿಲ್ಲ. ಸಂಜಿ ತಾಸೂ ಅವನಾಗೇ ಬಿಟ್ಟ. "ಬ್ಯಾಡ ಅಜ್ಜಿ, ಕುಂತ್ರ ಏಳಾಕ ಆಗೂದಿಲ್ಲ" ಅಂದ. ಯಾವ ದೊಡ್ಡವರಿಗೆ ಬಂದೈತ್ರೀ ಇಂಥಾ ಬುದ್ಧಿ? ನಮ್ಮ ಮಾವನೋರಿಗೆ ಬರಲಿಲ್ಲ. ಮಗಳ ಮದುವ್ಯಾಗ ಅಕ್ಕಿಕಾಳು ಹಾಕೂ ಹೊತ್ತಿಗೂ ಒಂದು ಕೈಯಾಗ ಇಸ್ಪೀಟು ಹಿಡಕೊಂಡ ನಿಂತಿದ್ರು. ಅವರನ್ನ ಯಾರೂ ಯಾವ ಧಾರವಾಡಕ್ಕೂ ಕಳಸಲಿಲ್ಲ! ಗಂಡಸರು ಆಡಿದ್ರ ಹೊತ್ತು ಕಳಿಯಾಕ, ಹುಡುಗೂರು ಆಡಿದ್ರ ರೋಗ. ಮುದುಕಿ ಆಡಿದ್ರ... ಏನಿಲ್ಲ, ಮಾತಿಗೆ ಅಂದೆ.

ಮತ್ತ ಮೊನ್ನೆ ಏನಾತಂದ್ರ... ಏನೂ ಆಗಿಲ್ಲ. ಶಿವಪುತ್ರ ಹೊತ್ತಿಗೆ ಮೊದಲ ಮನೀಗೆ ಬಂದ. ಹುಡುಗ ಆಗಷ್ಟ ಸಾಲಿಯಿಂದ ಬಂದಿದ್ದ. ಚೀಲ ಹೆಗಲ ಮ್ಯಾಲ ಹಂಗ ಐತಿ, ಕೈಯಾಗ ಈ ಹಲಗಿ. ಕಪಾಟು ತೆರದೈತಿ. ಶಿವಪುತ್ರ ಕಂಪ್ಯೂಟರ್ ಮುಟ್ಟಿ ನೋಡ್ತಾನ, ಬಿಸಿ. "ಕೀಲಿ ಹೆಂಗ ತಗದ್ಯೋ?" ಅಂದ. ಹುಡುಗ ಒಮ್ಮೆ ನನ್ನ ಕಡೆ ನೋಡಿದ. ಆಮ್ಯಾಲ "ಅಜ್ಜಿ ಮಲಗಿದ್ದಾಗ ಚಂಚಿಯಾಗಿಂದ ಕೀಲಿಕೈ ತುಗೊಂಡೆ, ದಿನಾ ತುಗೋತೀನಿ" ಅಂದ. ಅಷ್ಟ. ಒಂದ ಏಟು. ಅಳಲಿಲ್ಲ ಅವ.

ನಾನಾ? ನಾ ಅಲ್ಲೇ ಇದ್ನೆಲ್ಲ. ಕುರ್ಚಿ ಮ್ಯಾಲ. ಎಲಿ ಹಾಕ್ಕೋತ ಕುಂತಿದ್ದೆ.

...ಏನಂದ್ರಿ? ಆಗಷ್ಟ ಬಂದಾವ ಆಡಿದ್ರ ಕಂಪ್ಯೂಟರ್ ಅಷ್ಟ್ಯಾಕ ಬಿಸಿ ಆಗ್ತೈತಿ ಅಂತೀರೇನು? ಡಾಕ್ಟರಕಿ ಬಿಟ್ಟು ಪೊಲೀಸರ ಕೆಲಸಕ್ಕ ನಿಂತೀರೇನ್ರೀ? ಬ್ಯಾಸಗಿ ಬಿಸಲಿಗೆ ಮನಿ ಹಂಚ ಬಿಸಿ ಆಗ್ತಾವ, ಅದು ಆಗೂದಿಲ್ಲೇನು!

ಮನ್ಯಾಗ ಟ್ರಂಕ್ ತುಂಬಸಾಕ ಹತ್ಯಾರ. ಗೊತ್ತೇನ್ರೀ ನಿಮಗ? ಅಂಗಿ, ಚಾದರ, ಹಲ್ಲು ತಿಕ್ಕೂ ಬ್ರಶ್. ಇನ್ನ ಪರೀಕ್ಷೆ ಮುಂದೈತಿ. ನೀವು ಬರದ ಕೊಟ್ರ ನಾಳೆ ಮೊದಲನೇ ಬಸ್ಸು. ಅವ ಹೇಳಿದ್ದೆಲ್ಲಾ ಟ್ರಂಕಿನ್ಯಾಗ ಇಡ್ತಾನ. ಶಟಲ್ ಬ್ಯಾಟು ಮಾತ್ರ ಇಡಲಿಲ್ಲ. "ಇದನ್ನ ನೀ ಇಟ್ಕೊ ಅಜ್ಜಿ" ಅಂದ. ನನಗ್ಯಾಕ ಕೊಟ್ಟಾನ ಅದನ್ನ? ನಾ ಏನು ಶಟಲ್ ಆಡ್ತೀನೇನು!

ಅದೂ ಎಂಥಾ ಆಟ ಅಂತ ಇಷ್ಟು ರಂಪ? ಹೊಡಿ ಬಡಿ ಆಟ ಅಲ್ಲ, ಬರೇ ಕಾರು ಓಡಸೂದು. ಕೆಂಪು ಕಾರು ಭಾಳ ಜಿಗೀತೈತಿ, ತಿರುವಿನ್ಯಾಗ ಜಾರ್ತೈತಿ, ಮೊದಲ ಕೆಳಗಿನ ಬಾಣದ ಗುಂಡಿ ಒತ್ತಿ ವೇಗ ಇಳಿಸ್ಕೋಬೇಕು. ನೀಲಿದು ಸಾವಕಾಶ, ಸಾಧು ಎತ್ತಿನಂಗ ಹೇಳಿದ್ದ ಕೇಳ್ತೈತಿ...

ಯಾಕ ನಗ್ತೀರಿ? ಬಾಜೂಕ ಕುಂತು ನೋಡಿದಾಕಿ ಅಲ್ಲೇನು ನಾನು! ನೀವ ಕುಂಡ್ರಿಸಿದ್ದು. ಕಣ್ಣಿದ್ದವರಿಗೆ ಕಾಣ್ತೈತಿ.

ನೀವು ಇಲ್ಲೇ ಕೋಲಸಿರ್ಸಿ ಊರಿನ ಕಡೆಯವರಲ್ಲ? ಹಂಗ ಅಂತ ಯಾರೂ ಹೇಳಿಲ್ಲ, ನಿಮ್ಮ ಬಾಯಾಗ "ಎಂತ" ಬಂದಾಗ ಗೊತ್ತಾತು. ಹುಬ್ಬಳ್ಳಿಯಾಗ ಇದ್ರೂ ವಾರಕ್ಕೊಮ್ಮೆ ಈ ಸಿರಸಿ ದವಾಖಾನಿಗೆ ಬಂದಾಗ ಅವ್ವನ್ನ ನೋಡಿ ಹೋಗ್ತೀರಿ. ಪುಣ್ಯವಂತರು. ನನ್ನ ಊರು ಬಿಜಾಪುರ ಸೀಮಿ, ಕೃಷ್ಣಾ ದಂಡಿ ಮ್ಯಾಲ ಇತ್ತು. ಹಿನ್ನೀರು ಬಂತು, ಊರು ಹೋತು. ಅಣ್ಣನ ಮನಿ, ಪಂಚಮಿಗೆ ಜೋಕಾಲಿ ಕಟ್ಟೂ ಬೇವಿನ ಗಿಡ, ಅಕ್ಕ-ತಂಗ್ಯಾರು ಕುಂತು ಪಗಡಿ ಹಾಸೂ ಕಟ್ಟಿ... ಎಲ್ಲಾ ನೀರಾಗ. ಅಳಾಕ ಹತ್ತಿಲ್ರೀ, ಸುಮ್ನ ಹೇಳ್ದೆ. ನೀರು ಬೇಕಾದ್ರ ಕೇಳಿ ಇಸಗೊಂಡು ಕುಡೀತೀನಿ, ಆ ಗ್ಲಾಸು ಅಲ್ಲೇ ಇರಲಿ.

ಮದುವ್ಯಾಗಿ ಸಿರಸಿಗೆ ಬಂದಾಗ ಅತ್ತಿಯವರನ್ನ ಕೇಳಿದ್ದೆ, "ಇಲ್ಲಿ ಮುಗಿಲು ಎಲ್ಲೈತ್ರೀ?" ಅಂತ. ಓಣಿಗೆಲ್ಲ ನಗಿ! ನಿಮ್ಮ ಮಂದಿಗೆ ತಿಳಿಯೂದಿಲ್ಲ ಬಿಡ್ರಿ. ಎತ್ಲಾಗ ನೋಡಿದ್ರೂ ಗಿಡ, ಗುಡ್ಡ. ಕಣ್ಣು ನಾಕ ಮಾರು ಓಡೂದ್ರಾಗ ಎಡವತೈತಿ. ನಮ್ಮ ಕಡೆ ಎರಿ ಹೊಲ. ಮುಗಿಲು ಬಂದು ನೆಲಕ್ಕ ಹತ್ತೂ ಮಟಾ ನಡುವ ಏನೂ ಅಡ್ಡ ಇಲ್ಲ. ಈಗ ನನಗ ಈ ಊರ ನೀರು, ಈ ಊರ ಮಂದಿ ಎಲ್ಲಾ ರೂಢಿ ಆಗೈತಿ. ಮಗ ಚಲೋ, ಸೊಸಿ ಚಲೋ, ಹೊಟ್ಟಿ ತುಂಬೈತಿ. ಕಣ್ಣು ಮಾತ್ರ ಹಸದು ಕುಂತೈತಿ.

ಆ ಆಟದಾಗ ಒಂದು ದಾರಿ ಬರ್ತೈತ್ರೀ. ಒಂದೂ ಗಿಡ ಇಲ್ಲ. ಎರಡೂ ಕಡೆ ಬಯಲು, ನಡುವ ದಾರಿ, ಮುಂದ ಮುಗಿಲು. ಉಳಿದ ಕಾರೆಲ್ಲ ದಡದಡ ಮುಂದ ಹೋಗ್ತಾವ, ಹೋಗ್ಲಿ! ನೀಲಿ ಕಾರು ಸಾವಕಾಶ ಬಿಟ್ಟು, ಎರಡನೇ ತಿರುವು ದಾಟಿದ ಮ್ಯಾಲ ಎಡಕ್ಕ ದಾರಿ ಬಿಟ್ಟು ಇಳಸಬೇಕು... ಹೊಲದಾಗ ಬಂಡಿ ಇಳಿಸಿದಂಗ. ಅಲ್ಲಿ ನಿಂದ್ರಸಬೇಕು. ಏನೋ ಇಂಗ್ಲಿಷಿನ್ಯಾಗ ಕೆಂಪು ಅಕ್ಷರ ಬಡಕೋತಾವ, ದಾರಿ ತಪ್ಪಿ ಹೊಂಟೀರಿ ಅಂತ. ಬಡಕೊಳ್ಳಿ! ಅಲ್ಲಿ ಯಾವಾಗಲೂ ಸಂಜಿ. ಸೂರ್ಯ ಮುಳಗೂದ ಇಲ್ಲ. ಮಧ್ಯಾಹ್ನೆಲ್ಲಾ ನೋಡ್ಕೋತ ಕುಂಡ್ರಬಹುದು, ಯಾರೂ ಏಳಬೇ ಅನ್ನೂದಿಲ್ಲ...

ಬಾಯಾರ?

ಯಾಕ ಸುಮ್ಮನಾದ್ರಿ? ಶಶಿ ಹಂಗ ನಿಂದ್ರಸ್ತಾನ ಅಂತ ಹೇಳ್ದೆ. ಶಶಿ. ನಾ ಅಲ್ಲ... ಹೌದು, ಮಧ್ಯಾಹ್ನ ಅವ ಸಾಲಿಯಾಗ ಇರ್ತಾನ. ಆಯಿತವಾರ ಇರೂದಿಲ್ಲೇನು? ಆಯಿತವಾರದ ಸುದ್ದಿ ಹೇಳ್ದೆ ನಾನು. ಏನರ ಮಾತಾಡ್ರಿ! ಆಗಿಂದ ಕೀಲಿಕೈ, ಕೀಲಿಕೈ ಅಂತಿದ್ರಿ, ಈಗ ಕೇಳ್ರಿ ನೋಡೋಣು. ಇಲ್ಲೈತಿ ನೋಡ್ರಿ, ಚಂಚಿಯಾಗ, ಸುಣ್ಣದ ಡಬ್ಬಿ ಬಾಜೂಕ. ಎಲ್ಲೂ ಹೋಗಿಲ್ಲ. ಯಾರೂ ತುಗೊಂಡಿಲ್ಲ. ನಾ ಮಧ್ಯಾಹ್ನ ಮಲಗಾಕಿನೂ ಅಲ್ಲ...

ಆ ಹಲಗಿ ಯಾಕ ಎಳಕೊಂಡ್ರಿ? ಅದರಾಗೇನೈತಿ ನೋಡೂದು! ಬಾಣದ ಗುಂಡಿಗೆ ಬಿಳಿ ಹತ್ತಿದ್ದೇನು? ಗ್ವಾಡಿ ಸುಣ್ಣ ಇರಬೇಕು. ನಮ್ಮ ಗ್ವಾಡಿಗೆ... ಪೇಂಟ್ ಐತಿ, ಹೌದು. ದಾಕ್ಷಾಯಿಣಿ ಕೈಯಾಗಿನ ಖಡು ಇರಬೇಕು, ಸಾಲಿ ಬೋರ್ಡಿಗೆ ಬರಿಯೂ ಖಡು, ಆಕಿ ಕೈ ಯಾವಾಗಲೂ... ನನ್ನ ಕಡೆ ಯಾಕ ನೋಡ್ತೀರಿ? ನನ್ನ ಬೆರಳು ನೋಡಬ್ಯಾಡ್ರಿ!

ಸುಣ್ಣ ಹಚ್ಚಿದ ಬೆರಳಿಗೆ ಸುಣ್ಣ ಇರ್ತೈತಿ. ಅದರಾಗ ನೋಡೂದೇನೈತಿ.

ಒಂದು ಗುಂಡಿ ಸ್ವಚ್ಛ ಐತಿ, ಮೂರಕ್ಕ ಸುಣ್ಣ ಐತಿ. ಅದನ್ನ ನೋಡಾಕ ಹತ್ತೀರಿ. ಹೌದಿಲ್ಲೋ?

ಯವ್ವಾ... ಏನರ ಬೈಯಿ. ಬೈದ್ರ ನಾನೂ ಬೈತೀನಿ, ಹಗುರ ಆಗ್ತೈತಿ.

ಅವ ಆಡಾಕ ಹತ್ತಿರಲಿಲ್ಲ. ಒರಸಾಕ ಹತ್ತಿದ್ದ. ಸಾಲಿಯಿಂದ ಬಂದಾವನ ದಿನಾ ಅಂಗಿ ತುದಿಯಿಂದ ಗುಂಡಿ ಒರಸಿ ಕಪಾಟಿನ್ಯಾಗ ಇಡ್ತಿದ್ದ. "ಅಪ್ಪ ಸುಣ್ಣ ನೋಡ್ತಾನ ಅಜ್ಜಿ, ನಿನಗ ಬೈತಾನ" ಅಂತ. ಒಂದು ದಿನಾನೂ ತಾ ಆಡಲಿಲ್ಲ. ಅವತ್ತ ಒಂದ ಗುಂಡಿ ಒರಸೂದ್ರಾಗ ಶ್ಯಾಣ್ಯಾ ಅಪ್ಪ ಬಂದು ಕಸಗೊಂಡ. ಹೇಳಬೇಕಂತ ನಾ ಬಾಯಿ ತೆರದೆ... ಎಪ್ಪತ್ತರ ಮುದುಕಿ, ನಂಬಿ ಕೀಲಿಕೈ ಕೊಟ್ಟ ಮಗ ಎದುರಿಗೆ ನಿಂತಾನ. ಬಾಯಿ ತುಂಬ ಎಲಿ ಇತ್ತು. ನುಂಗಿದೆ. ನುಂಗೂದ್ರಾಗ ಏಟು ಬಿತ್ತು.

ಹಿಂಗ ನೋಡಬ್ಯಾಡ್ರಿ. ಪೆನ್ನು ತುಗೊಳ್ರಿ. ತುಗೊಳ್ರಿ ಅಂತೀನಿ! ಆ ಚೀಟಿ ಮ್ಯಾಲ ಶಶಾಂಕ ಅನ್ನೂದನ್ನ ಹೊಡೀರಿ. ಪಾರ್ವತವ್ವ ಅಂತ ಬರೀರಿ. ಆಟ ಆಡಿದ್ದು ನಾನು, ಔಷಧ ನನಗ ಕೊಡ್ರಿ. ಧಾರವಾಡಕ್ಕ ಕಳಸ್ತೀರೇನು? ಕಳಸ್ರಿ! ನಾ ಏನು ಅಂಜೂದಿಲ್ಲ. ಆ ಕಡೆ ಹೋದಂಗ ಹೋದಂಗ ಗಿಡ ಕಡಿಮಿ ಆಗ್ತಾವ.

ಸರೀರಿ, ಬಾಗಲಾ ನಾನ ತೆಗೀತೀನಿ. ಶಿವಪುತ್ರಾ! ಏ ಶಿವಪುತ್ರಾ, ಒಳಗ ಬಾ. ಹುಡುಗನ್ನೂ ಕರಕೊಂಡು ಬಾ. ತಲಿ ಎತ್ಕೊಂಡು ಬಾ ಅಂತ ಹೇಳು ಅವಗ.