ಮೂರು ಕಡೆ ಹಿಡಿಯುವ ಔಷಧಿ

ನಾನು ಮಧುಶ್ರೀ, ತಂದೆ ದಿವಂಗತ ಕೆಂಪಯ್ಯ, 28 ವರ್ಷ, ಸಂಶೋಧನಾ ವಿದ್ಯಾರ್ಥಿನಿ, ಸ್ವಂತ ಊರು ಹನಗೋಡು, ಹುಣಸೂರು ತಾಲ್ಲೂಕು, ಹಾಲಿ ವಾಸ ಮೈಸೂರು. ನನ್ನ ತಾಯಿ ಸಾಕಮ್ಮನವರ ಸಾವಿನ ಬಗ್ಗೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಮೈಸೂರಿನ ಪ್ರಯೋಗಾಲಯವೊಂದರಲ್ಲಿ ನಾವು ನಾಗರಹಾವಿನ ವಿಷ ತಡೆಯಲು ಪ್ರತಿಕಾಯದಂಥ ಕೃತಕ ಅಣುವೊಂದನ್ನು ರೂಪಿಸುತ್ತಿದ್ದೇವೆ. ಅದು ವಿಷದ ಕಣವನ್ನು ಮೂರು ಕಡೆ ಹಿಡಿಯಬೇಕು. ಒಂದು ಹಿಡಿತ ಸಡಿಲವಾದರೂ ಇನ್ನೆರಡು ಬಿಡಬಾರದು. ದಿನಾಂಕ 15-06-2025ರ ಭಾನುವಾರ ಊರಿಗೆ ಹೋಗಿದ್ದಾಗ ಅವ್ವ ಮದುವೆಯ ಮಾತೆತ್ತಿ, ನಿನ್ನ ಓದು ಯಾವಾಗ ಮುಗಿಯುತ್ತದೆಂದು ಮತ್ತೆ ಮತ್ತೆ ಕೇಳಿದರು. ನನಗೆ ಸಿಟ್ಟು ಬಂತು. ಅವರ ಮಣಿಕಟ್ಟು, ಮೊಣಕೈ, ಭುಜವನ್ನು ಒಂದಾದ ಮೇಲೊಂದು ಹಿಡಿದು ತೋರಿಸಿ, ವಿಷವನ್ನು ಹೀಗೆ ಹಿಡಿಯುತ್ತದೆ, ಔಷಧಿ ಆಗಿಹೋಯಿತು ಎಂದೆ. ಅದು ಸುಳ್ಳು. ಇನ್ನೂ ಇಲಿಗೂ ಕೊಟ್ಟು ನೋಡಿರಲಿಲ್ಲ. ಅವ್ವ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ದಿನಾಂಕ 12-08-2025ರಂದು ಬೆಳಿಗ್ಗೆ 8.15ಕ್ಕೆ ಹೊಗೆಸೊಪ್ಪು ಮುರಿಯುತ್ತಿದ್ದಾಗ ಅವರ ಬಲಪಾದಕ್ಕೆ ನಾಗರಹಾವು ಕಚ್ಚಿತು. ಪಕ್ಕದ ಹೊಲದ ಅಂಕಯ್ಯನವರು ಅವರನ್ನು ಮನೆಗೆ ಕರೆತಂದು, 8.30ಕ್ಕೆಲ್ಲ ತಮ್ಮ ಗೂಡ್ಸ್ ಆಟೋ ತಂದು ನಿಲ್ಲಿಸಿದರು. ಹುಣಸೂರಿನ ಆಸ್ಪತ್ರೆ ಸುಮಾರು 20 ಕಿ.ಮೀ. ಅವ್ವ ಹತ್ತಲಿಲ್ಲ. "ಮಗ್ಳೇ ಔಷ್ದಿ ಮಾಡವ್ಳೆ ಕಣಣ್ಣ. ನಾನು ಆಸ್ಪತ್ರೆಗೋದ್ರೆ ಜನ ಅವಳ್ನ ಏನಂದಾರು?" ಎಂದರಂತೆ. ಅಂಕಯ್ಯನವರು ಎಷ್ಟು ಗೋಗರೆದರೂ ಜಗಲಿಯಿಂದ ಏಳದೆ, ನನಗೆ ಫೋನ್ ಮಾಡುತ್ತಲೇ ಇದ್ದರು.

ನಾನು ಪ್ರಯೋಗಾಲಯದೊಳಗೆ ಫೋನ್ ಒಯ್ಯುವುದಿಲ್ಲ. 10.10ಕ್ಕೆ ಹೊರಬಂದು ನೋಡಿದಾಗ ಹದಿನೇಳು ಕರೆಗಳು ಬಂದಿದ್ದವು. ಕೂಡಲೇ ತಿರುಗಿ ಫೋನ್ ಮಾಡಿದೆ. ಅವ್ವನ ನಾಲಿಗೆ ತೊದಲುತ್ತಿತ್ತು. ಹಾವು ಕಚ್ಚಿದ್ದನ್ನು ಹೇಳಿ, "ಕಣ್ಣು ಬುಡಕಾಯ್ತಿಲ್ಲ ಕಣವ್ವ, ಔಷ್ದಿ ತತ್ತೀಯಾ?" ಎಂದರು. ಔಷಧಿ ಇಲ್ಲ, ನಾನು ಸುಳ್ಳು ಹೇಳಿದ್ದೆ, ಈಗಲೇ ಆಟೋ ಹತ್ತು ಎಂದು ಕೂಗಿದೆ. ಅವ್ವ "ಆಯ್ತು ಬುಡು, ಅಳಬ್ಯಾಡ" ಎಂದರು.

10.20ಕ್ಕೆ ಹೊರಟ ಆಟೋ 10.55ಕ್ಕೆ ಆಸ್ಪತ್ರೆ ತಲುಪಿತು. ದಾರಿಯಲ್ಲೇ ಉಸಿರು ನಿಂತಿದೆ ಎಂದು ವೈದ್ಯರು ತಿಳಿಸಿದರಂತೆ. ನಾನಿದ್ದ ಬಸ್ಸು ಬಿಳಿಕೆರೆ ದಾಟುವಾಗ ಅಂಕಯ್ಯನವರ ಫೋನ್ ಬಂತು. ನಾನು ಎತ್ತಲಿಲ್ಲ.

ನನ್ನ ಸೋದರಮಾವ ಗೋವಿಂದಯ್ಯನವರು ಕೊಟ್ಟಿರುವ ದೂರಿನಲ್ಲಿ, ಅಂಕಯ್ಯನವರು ಬೇಕೆಂದೇ ತಡ ಮಾಡಿದರು ಎಂದಿದೆ. ಅವರದು ಯಾವ ತಪ್ಪೂ ಇಲ್ಲ. ಅವ್ವನನ್ನು ಒಂದು ಗಂಟೆ ಐವತ್ತು ನಿಮಿಷ ಮನೆಯಲ್ಲೇ ಕೂರಿಸಿದ್ದು ನನ್ನ ಮಾತು. ದೂರಿನಿಂದ ಅಂಕಯ್ಯನವರ ಹೆಸರು ತೆಗೆದು, ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಇದಿಷ್ಟನ್ನು ನನಗೆ ಓದಿ ಹೇಳಲಾಗಿದೆ. ನಾನು ಹೇಳಿದಂತೆಯೇ ಇದೆ. ಎಲ್ಲವೂ ನಿಜ.

ಸ್ಥಳ: ಹುಣಸೂರು
ದಿನಾಂಕ: 14-08-2025
ಸಹಿ: ಮಧುಶ್ರೀ ಕೆ.