ಎಣ್ಣೆ ಊರಿನ ರೂಮು

೧೯೬೪ರಲ್ಲಿ ಒಂದು ಬೆಳಗ್ಗೆ ಯಶವಂತಪುರದಲ್ಲಿ ಹೆಬ್ಬಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ನಿಂತಿದ್ದರು. ಆಕೆ ರಾತ್ರಿ ಡ್ಯೂಟಿ ಮುಗಿಸಿ ಬಂದ ನರ್ಸು.

"ಕುವೈತ್‌ನಲ್ಲಿ ನಿನಗೆ ಗೊತ್ತಿರೋರು ಯಾರಿದ್ದಾರೆ, ವೇದಾ?"

"ಯಾರೂ ಇಲ್ಲ."

"ಮತ್ತೆ ಅಲ್ಲಿಗೆ ಕೆಲಸಕ್ಕೆ ಹೋಗೋಕೆ ಇಷ್ಟೊಂದು ಆಸೆ ಯಾಕೆ? ಆ ಊರಲ್ಲಿ ಎಣ್ಣೆ ಬಾವಿ ಬಿಟ್ರೆ ಬರೀ ಮರಳಂತೆ. ಒಂದು ಮರಾನೂ ಇಲ್ವಂತೆ."

"ಗೊತ್ತು."

"ಯಾರು ಹೇಳಿದ್ದು?"

"ನಮ್ಮ ಆಸ್ಪತ್ರೆ ಮೇಟ್ರನ್."

"ಮೇಟ್ರನ್ ಒಬ್ಬರೇನಾ?"

ಆಕೆ ಸೆರಗಿನಿಂದ ಕಣ್ಣುಜ್ಜಿಕೊಂಡಳು.

"ಮುಚ್ಚಿಡಬೇಡ. ಅಲ್ಲಿ ಅಂಥಾದ್ದೇನಿದೆ?"

"ಅಲ್ಲಿನ ಆಸ್ಪತ್ರೆಯವರು ನರ್ಸುಗಳಿಗೆ ಒಬ್ಬೊಬ್ಬರಿಗೆ ಒಂದೊಂದು ರೂಮ್ ಕೊಡ್ತಾರೆ. ಒಳಗಿಂದ ಚಿಲಕ ಇದೆಯಂತೆ."

"ನಮ್ಮನೇಲಿ ರೂಮಿಲ್ವಾ?"

"ಇದೆ. ಹಗಲು ನಾನು ಕಣ್ಣು ಮುಚ್ಚಿದ ಕೂಡಲೇ ನಿಮ್ಮಮ್ಮ ಬಂದು ಅಕ್ಕಿ ಆರಿಸು ಅಂತಾರೆ. ಮದುವೆಯಾದಾಗಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ."



"ನಿದ್ದೆಗೋಸ್ಕರ ಯಾರಾದ್ರೂ ಸಮುದ್ರ ದಾಟ್ತಾರಾ? ನಾನು ನಂಬಲ್ಲ."

"ನಂಬಬೇಡಿ."

"ಹೋದ್ರೆ ವಾಪಸ್ ಬರ್ತೀಯಾ?"

"ಮೊದಲು ಹೋಗಿ ಮಲಗ್ತೀನಿ. ಎದ್ದ ಮೇಲೆ ಯೋಚನೆ ಮಾಡ್ತೀನಿ."

ಮತ್ತಿಕೆರೆ ಬಸ್ ಬಂತು, ಇಬ್ಬರೂ ಹತ್ತಿದರು. ಆಕೆಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವನು ಕಂಬಿ ಹಿಡಿದು ನಿಂತು ಆಕೆಯ ಮುಖವನ್ನೇ ನೋಡುತ್ತಿದ್ದ. ಬಸ್ ಹೊರಡುವ ಮುಂಚೆಯೇ ಆಕೆಗೆ ನಿದ್ದೆ ಹತ್ತಿತ್ತು.